ವೇದಿಕೆಯವನು ಥರ್ಮಾಕೋಲ್ ಬಿಟ್ಟದ್ದು

ಮೂರು ದಿನದಿಂದ ಓಣಿಯ ಚರಂಡಿ ಕಟ್ಟಿಕೊಂಡಿತ್ತು. ಕೊಳಕು ನೀರು ಹೊಲಿಗೆಯವಳ ಅಂಗಡಿಗೇ ನುಗ್ಗಿತು. ಕೋಲು ಹಾಕಿ ಕೆದಕಿದರೆ ಮೇಲೆ ಬಂದದ್ದು ಬಣ್ಣ ಬಳಿದ ಥರ್ಮಾಕೋಲ್: ಅರ್ಧ ಹೂವು, ಒಂದು ‘ಸು’, ಒಂದು ‘ಸ್ವಾ’. ಎಲ್ಲರ ಕಣ್ಣೂ ವೇದಿಕೆ ಅಲಂಕಾರದವನ ಮೇಲೆ ಬಿತ್ತು. ಓಣಿಯಲ್ಲಿ ಆ ಕೆಲಸ ಮಾಡುವವನು ಅವನೊಬ್ಬನೇ.

ಅವನಿಗೆ ತಲೆ ಎತ್ತಲಾಗಲಿಲ್ಲ. ಅದರ ಮೇಲೆ ಥರ್ಮಾಕೋಲ್ ನಿಷೇಧವಾಗುತ್ತದೆಂಬ ಸುದ್ದಿ ಬೇರೆ. ಹದಿನೆಂಟು ವರ್ಷ ಅದರಲ್ಲೇ ಅಕ್ಷರ ಕತ್ತರಿಸಿ ಮನೆ ನಡೆಸಿದವನು. ಒಣಕಸ ವಿಂಗಡಿಸುವ ಕೇಂದ್ರದಲ್ಲಿ ಕೆಲಸಕ್ಕಿದ್ದ ಅಕ್ಕ ಬಂದಾಗ ಗೊಣಗಿದ.

“ನೆಗಡಿ ಬಂತು ಅಂತ ಮೂಗೇ ಕೊಯ್ಕೋತಾರಾ? ನಿಷೇಧ ಯಾಕಕ್ಕ, ಕರಗಿಸಿ ಮತ್ತೆ ಬಳಸಲಿ.”

“ನಿನ್ನ ಕಸದ ಚೀಲ ತಗೊಂಡು ನಾಳೆ ಕೇಂದ್ರಕ್ಕೆ ಬಾ.”

ಮರುದಿನ ಆಳೆತ್ತರದ ಚೀಲ ಹೊತ್ತು ಹೋದ. ಅಕ್ಕ ತಕ್ಕಡಿಗಿಟ್ಟಳು. ಒಂದು ಕಿಲೋ ಕೂಡ ತೂಗಲಿಲ್ಲ.

“ಲಾರಿ ತುಂಬಿದ್ರೂ ಗಾಳಿ ಸಾಗಿಸಿದ ಹಾಗೆ ಕಣೋ. ಅದಕ್ಕೇ ಗುಜರಿಯವರು ಮುಟ್ಟಲ್ಲ. ಟಿವಿ, ಫ್ರಿಜ್ ಪೆಟ್ಟಿಗೆಲಿ ಬರೋ ಶುಭ್ರವಾದದ್ದನ್ನ ನಾವು ಒತ್ತಿ ಗಟ್ಟಿ ಮಾಡಿ ಕಾರ್ಖಾನೆಗೆ ಕಳಿಸ್ತೀವಿ. ಬಣ್ಣ, ಅಂಟು, ಸಾರು ಹತ್ತಿದ್ದು ಬಂದ್ರೆ ಇಲ್ಲಿ ಏನೂ ಮಾಡಕ್ಕಾಗಲ್ಲ.”

“ಸುಟ್ಟುಬಿಟ್ರೆ?”

“ಆ ಹೊಗೆ ನಿನ್ನ ಮಗಳ ಎದೆಗೂ ಹೋಗುತ್ತೆ.”

ಅವನು ಚೀಲದ ಬಾಯಿ ಬಿಚ್ಚಿ ನೋಡಿದ. “ನಂದೆಲ್ಲ ಬಣ್ಣದ್ದೇ,” ಎಂದ ಮೆಲ್ಲಗೆ.

“ಅದನ್ನ ಮಾಡೋದೇ ಬಿಡು. ಶುದ್ಧವಾದದ್ದು ನಮ್ಮ ಕೈಗೆ ಬರಲಿ. ನಿಲ್ಲಿಸೋದೂ ಬೇಕು, ಮರುಬಳಕೆಯೂ ಬೇಕು.”

“ಹೊಟ್ಟೆಪಾಡು?”

“ಬಟ್ಟೆ ಇದೆ, ರಟ್ಟಿದೆ. ಕಲೆ ಇರೋದು ನಿನ್ನ ಕೈಲಿ, ಥರ್ಮಾಕೋಲಲ್ಲಿ ಅಲ್ಲ.”

ಅಂದೇ ಹೊಲಿಗೆಯವಳ ಬಾಗಿಲಿಗೆ ಹೋಗಿ ತಪ್ಪಾಯಿತೆಂದ. ಬಟ್ಟೆ ಚೂರು ಕೇಳಿದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಮೊದಲು ಚರಂಡಿ ಕಸ ತೆಗಿ, ಆಮೇಲೆ ಬಟ್ಟೆ,” ಎಂದಳು. ತೆಗೆದ.

ರಟ್ಟಿನ ಅಕ್ಷರಕ್ಕೆ ಅವಳು ಹೊಲಿದ ಬಟ್ಟೆ ಹೊದಿಸಿ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ವೇದಿಕೆ ಕಟ್ಟಿದ. ಕಾರ್ಯಕ್ರಮ ಮುಗಿದ ಮೇಲೆ ಗುಡಿಸಲು ಏನೂ ಇರಲಿಲ್ಲ. ವೇದಿಕೆಯಿಂದ ಸುತ್ತಿ ತಂದಿಟ್ಟ ಬಟ್ಟೆಯ ಪರದೆ ಮುಂದಿನ ಸಮಾರಂಭಕ್ಕೂ ಆಯಿತು. ಹೊಲಿಗೆಯವಳಿಗೂ ಕೈತುಂಬ ಕೆಲಸ. ಅನ್ನದ ತಟ್ಟೆಗೆ ಹಾರಿ ಬೀಳುತ್ತಿದ್ದ ಥರ್ಮಾಕೋಲಿನ ಬಿಳಿ ಕಾಳಿನ ಕಾಟ ತಪ್ಪಿತೆಂದು ಹೆಂಡತಿ ನೆಮ್ಮದಿಯಾದಳು.

ಓದಿದವರೇ, ಕೇಳಿದವರೇ, ಹೋಟೆಲಿನಿಂದ ಊಟ ತರಲು ಥರ್ಮಾಕೋಲ್ ಪೆಟ್ಟಿಗೆಯ ಬದಲು ಮನೆಯ ಡಬ್ಬಿ ಒಯ್ಯಿರಿ. ಸಮಾರಂಭಕ್ಕೆ ಥರ್ಮಾಕೋಲ್ ಬೇಡವೆನ್ನಿ. ಹೊಸ ಟಿವಿ ಜೊತೆ ಬಂದ ಬಿಳಿ ಹಲಗೆಯನ್ನು ಮುರಿಯದೆ, ಒದ್ದೆ ಮಾಡದೆ, ಒಣಕಸದವರಿಗೆ ಬೇರೆಯಾಗಿ ಕೊಡಿ. ಸುಡಬೇಡಿ. ಈ ಮಾತನ್ನು ಇವತ್ತೇ ಪಕ್ಕದ ಮನೆಯವರಿಗೂ ಹೇಳಿ.