ಅರ್ಧ ಸ್ವರ ಮೇಲೆ

ಹೂಗುಚ್ಛಕ್ಕೆ ಕಟ್ಟಿದ್ದ ಚೀಟಿಯನ್ನು ತಂಗಿ ಕಿತ್ತು ಎರಡಾಗಿ ಹರಿದಳು. ಆ ಎರಡನ್ನೂ ಜೋಡಿಸಿ ಮತ್ತೊಮ್ಮೆ ಹರಿಯಹೊರಟಾಗ ಎದುರುಮನೆಯ ನರ್ಸಮ್ಮ ಅವಳ ಮೊಣಕೈ ಹಿಡಿದಳು.

“ಏನೇ ಇದು? ಜನ ನೋಡ್ತಿದ್ದಾರೆ.”

“ನೋಡ್ಲಿ. ಕಣ್ಣಿರೋದೇ ಅದಕ್ಕೆ.”

“ಅಂಥಾದ್ದೇನು ಬರೆದಿತ್ತು?”

“‘ನನ್ನ ಹಾಡನ್ನು ಹಿಡಿದಿಟ್ಟ ಕೈಗಳಿಗೆ’ ಅಂತ. ನನ್ನ ಹಾಡಂತೆ! ನಾಚಿಕೆ ಅನ್ನೋದು ಅವನ ಮನೆ ಬಾಗಿಲಿಗೂ ಬಂದಿಲ್ಲ.”

ದಹನಗೃಹಕ್ಕೆ ಹೊಂದಿಕೊಂಡ ಸಣ್ಣ ಸಭಾಂಗಣವದು. ಐವತ್ತು ಕಬ್ಬಿಣದ ಕುರ್ಚಿಗಳು, ಒಂದು ಗಡಿಯಾರ, ಎತ್ತರದ ಮೇಜಿನ ಮೇಲೆ ಮುಚ್ಚಳ ತೆರೆದಿಟ್ಟ ಪೆಟ್ಟಿಗೆ. ಒಳಗೆ ಅಕ್ಕ ಮಲಗಿದ್ದಳು. ನಲವತ್ತು ವರ್ಷ ಹೆಡ್‌ಫೋನ್ ಹೊತ್ತ ನೆತ್ತಿಯ ಮೇಲೆ ಕೂದಲು ಸವೆದು, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಅಡ್ಡಬೈತಲೆ ಬಿದ್ದಿತ್ತು. ಬೆಳಿಗ್ಗೆ ನರ್ಸಮ್ಮ ಅದನ್ನು ಬಾಚಿ ಮುಚ್ಚಿದ್ದಳು. ತಂಗಿ ಮತ್ತೆ ಬಿಡಿಸಿದ್ದಳು. ಧ್ವನಿಮುದ್ರಣವೇ ಅಕ್ಕನ ಬದುಕು. ಜಾಹೀರಾತು, ಶಾಲಾ ಪಾಠ, ರೈಲು ನಿಲ್ದಾಣದ ಪ್ರಕಟಣೆ ಯಾವುದಾದರೂ ಸರಿ, ಒಂದೇ ಶ್ರದ್ಧೆಯಿಂದ ಹಿಡಿದಿಟ್ಟವಳು. ಮೆಟ್ಟಿಲೇರಿ ಬರುವವರ ಸದ್ದು ಕೇಳಿ, ಯಾರ ಚಪ್ಪಲಿಯ ಉಂಗುಟ ಕಿತ್ತುಬರಲಿದೆಯೆಂದು ಒಳಗಿನಿಂದಲೇ ಹೇಳುತ್ತಿದ್ದಳು. ಓಣಿಯವರೆಲ್ಲ ಅವಳನ್ನು ‘ಕಿವಿಯಕ್ಕ’ ಎಂದೇ ಕರೆಯುತ್ತಿದ್ದರು.

ಡ್ರಮ್ಮರ್ ಕುಂಟುತ್ತ ಬಂದ. ಹಿಂದೆ, ಹೂಗುಚ್ಛ ಕಳಿಸಿದ ಗಾಯಕನ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದವನು ಈಗ ಟೈರ್ ಅಂಗಡಿಯ ಯಜಮಾನ.

“ತಂಗ್ಯಮ್ಮಾ, ಅವನು ದಾರೀಲಿದ್ದಾನೆ. ಹಾಡ್ತೀನಿ ಅಂತಿದ್ದಾನೆ. ಪತ್ರಿಕೆಯವರಿಗೂ ಹೇಳಿದಾನಂತೆ. ನೀನು ಬೇಡ ಅಂದ್ರೆ ಗೇಟಲ್ಲೇ ತಡೀತೀನಿ.”

“ಯಾಕೆ ತಡೀತೀಯೋ? ಹಾಡಲಿ.”

“ನೀನಾ ಹೇಳ್ತಿರೋದು?”

“ನಾನೇ. ಬರೀ ವಾದ್ಯ ಇರೋ ಪ್ರತಿ ನನ್ನ ಹತ್ರ ಇದೆ. ರೆಕಾರ್ಡಲ್ಲಿ ಹೇಗಿತ್ತೋ ಹಾಗೇ. ಅದರ ಜೊತೆ ಹಾಡಲಿ.”

ಡ್ರಮ್ಮರನ ಮುಖ ಸಪ್ಪಗಾಯಿತು. “ರೆಕಾರ್ಡಿನ ಶ್ರುತೀಲಾ? ನಾವು ವೇದಿಕೆ ಮೇಲೆ ಆಮೇಲಾಮೇಲೆ ಅರ್ಧ ಸ್ವರ ಇಳಿಸೇ ನುಡಿಸ್ತಿದ್ವಿ. ಅವನಿಗೆ ಅದು ಎಟುಕಲ್ಲಮ್ಮಾ.”

“ತನ್ನ ಹಾಡು ತನಗೆ ಎಟುಕಲ್ವಾ?” ಎಂದು ತಂಗಿ ಚೀಟಿಯ ಚೂರುಗಳನ್ನು ಡ್ರಮ್ಮರನ ಅಂಗೈಯಲ್ಲಿಟ್ಟಳು. “ಇದನ್ನ ಕಸಕ್ಕೆ ಹಾಕು.”

* * *

ಆಗ ಅಕ್ಕನಿಗೆ ಮೂವತ್ತು, ತಂಗಿಗೆ ಇಪ್ಪತ್ತೆರಡು. ಬಣ್ಣದ ಅಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲಿ ಸ್ಟುಡಿಯೊ. ಗೋಡೆಗಳಿಗೆ ಗೋಣಿತಾಟು, ಅದರ ಹಿಂದೆ ಹತ್ತಿ. ತಂಡದ ನಾಲ್ವರೂ ಮೂರು ದಿನಗಳಿಂದ ಒಂದೇ ಹಾಡನ್ನು ಅರೆಯುತ್ತಿದ್ದರು. ಶ್ರುತಿ ಹಿಡಿಯಲು ಪಿಯಾನೊ ಇರಲಿಲ್ಲ. ಗಾಯಕನ ಸಿಳ್ಳೆಗೆ ಗಿಟಾರುಗಳ ತಂತಿ ಬಿಗಿದುಕೊಂಡಿದ್ದರು. “ಬಾಗಿಲು ತೆಗೆಯೇ” ಎಂಬ ಪಲ್ಲವಿ ಪ್ರತಿಸಲವೂ ಆ ಗೋಣಿತಾಟಿಗೆ ತಾಗಿದ ಚೆಂಡಿನಂತೆ ಸತ್ತುಬೀಳುತ್ತಿತ್ತು.

ಅಕ್ಕನಿಗೆ ಊಟದ ಡಬ್ಬಿ ತಂದಿದ್ದ ತಂಗಿ ಬಾಗಿಲಲ್ಲಿ ನಿಂತು, ತಮಾಷೆಗೆ, ರಾಗ ತಪ್ಪದಂತೆ, “ಹೋಗೋ ಹೋಗೋ!” ಎಂದಳು.

ಡ್ರಮ್ಮರ್ ನಗುತ್ತ ಸ್ಟೂಲಿನಿಂದ ಜಾರಿದ. ಅಕ್ಕ ಎದ್ದು ಬಂದು ತಂಗಿಯ ಭುಜ ಹಿಡಿದು ಮೈಕಿನ ಮುಂದೆ ನಿಲ್ಲಿಸಿದಳು. ಗಾಯಕ ಬೇಡುವುದು, ಅವಳು ಅಟ್ಟುವುದು, ಅವನು ಮತ್ತೆ ಬೇಡುವುದು—ಹಾಡು ಎದ್ದು ನಡೆಯತೊಡಗಿತು. ಮುಗಿದಾಗ ಎಲ್ಲರೂ ಅವಳ ಸುತ್ತ ಸೇರಿದರು. ಗಾಯಕ ಮಾತ್ರ ತನ್ನ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ.

ವಾರ ಕಳೆದು ಅವನೊಬ್ಬನೇ ಬಂದ.

“ಆ ಹುಡುಗೀದು ತೆಗೆದ್ಬಿಡಿ.”

“ಯಾಕೆ? ಹಾಡಿಗೆ ಜೀವ ಬಂದದ್ದೇ ಅಲ್ಲಿ.”

“ಅದಕ್ಕೇ ತೆಗೀರಿ ಅಂದದ್ದು.”

ರೆಕಾರ್ಡ್ ಕಂಪನಿಯ ಮಾಲೀಕರು ಫೋನಿನಲ್ಲಿ ಅವನ ಮಾತನ್ನೇ ಎತ್ತಿಹಿಡಿದರು. ಟೇಪಿನಲ್ಲಿ ತಂಗಿಯ ಧ್ವನಿಯಷ್ಟೇ ಇದ್ದ ಎಳೆಯನ್ನು ಅಕ್ಕ ತನ್ನ ಬೆರಳಿನಿಂದಲೇ ಅಳಿಸಿದಳು. ಅನಂತರ, ಅಚ್ಚಿಗೆ ಕಳುಹಿಸಬೇಕಾದ ಪ್ರತಿಯನ್ನು ತೆಗೆಯುವಾಗ, ಯಂತ್ರದ ಮುಂದೆ ಕುಳಿತವರು ಎಂದೂ ಮಾಡಬಾರದ ಕೆಲಸವೊಂದನ್ನು ಮಾಡಿದಳು. ವೇಗದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಹಾಡು ಚುರುಕಾಯಿತು; ಶ್ರುತಿ ಅರ್ಧ ಸ್ವರ ಮೇಲೇರಿತು; ಗಾಯಕನ ಕಂಠಕ್ಕೆ ಅವನಲ್ಲಿಲ್ಲದ ಹರೆಯ ಬಂದಿತು. ಅದೇ ವೇಗದಲ್ಲಿ ವಾದ್ಯಗಳದ್ದೇ ಒಂದು ಪ್ರತಿಯನ್ನೂ ತೆಗೆದಿಟ್ಟುಕೊಂಡಳು. ಮೂಲ ಟೇಪಿನ ಮೇಲೆ, ಕಂಪನಿಯ ರೂಢಿಯಂತೆ, ಮರುದಿನವೇ ಭೂಗೋಳದ ಪಾಠ ಮುದ್ರಣವಾಗಿ ಹಳೆಯದು ಅಳಿದುಹೋಯಿತು.

ಅಚ್ಚಾಗಿ ಬಂದ ರೆಕಾರ್ಡನ್ನು ಗಾಯಕ ಕಣ್ಣುಮುಚ್ಚಿ ಕೇಳಿದ. “ನಾನು ಇಷ್ಟು ಚೆನ್ನಾಗಿ ಹಾಡಿದ್ದೀನಾ!”

“ಎಲ್ಲ ಯಂತ್ರದ ಗುಣ ಕಣೋ,” ಎಂದ ಡ್ರಮ್ಮರ್.

“ಗಂಟಲಿನ ಗುಣ,” ಎಂದ ಗಾಯಕ. ತನ್ನ ಗಂಟಲಿಗಿಂತ ರೆಕಾರ್ಡನ್ನೇ ಹೆಚ್ಚು ನಂಬಿದ.

* * *

ರೇಡಿಯೊದಲ್ಲಿ ಬರುವ ದಿನ ತಂಗಿ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಹದಿನೆಂಟು ಜನ ಮನೆಯಲ್ಲಿ ಒತ್ತೊತ್ತಾಗಿ ಕುಳಿತರು. “ಬಾಗಿಲು ತೆಗೆಯೇ” ಎಂದಿತು ರೇಡಿಯೊ. ಅವಳ ಉತ್ತರವಿರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಯಾರೋ ಕೆಮ್ಮಿದರು. ಯಾರೋ, “ಎಲ್ಲೇ, ನೀನೆಲ್ಲಿ?” ಎಂದರು.

ಹಾಡು ಕಾಡುಕಿಚ್ಚಿನಂತೆ ಹಬ್ಬಿತು. ಕ್ಷೌರದಂಗಡಿ, ಬಸ್ಸು, ಕಾಲೇಜಿನ ಮೆಟ್ಟಿಲು—ಕಿವಿಯಿದ್ದಲ್ಲೆಲ್ಲ ಅದೇ. ಆ ಖಾಲಿ ಜಾಗವನ್ನು ಜನ ತಾವಾಗಿಯೇ ತುಂಬಿಕೊಂಡರು: ಎರಡು ಚಪ್ಪಾಳೆ. ಬಾಗಿಲು ತೆಗೆಯೇ—ಚಟ್, ಚಟ್. ತಂಗಿ ಸಿದ್ಧ ಉಡುಪಿನ ಕಾರ್ಖಾನೆಗೆ ಸೇರಿದಳು. ಮುಂದೆಂದೂ ಅವಳು ಗುನುಗಿದ್ದನ್ನು ಯಾರೂ ಕೇಳಲಿಲ್ಲ.

ಆದರೆ ರೆಕಾರ್ಡಿನ ಶ್ರುತಿಯಲ್ಲೇ ಹಾಡಲು ವೇದಿಕೆಯೇರಿದ ಗಾಯಕನಿಗೆ ಪಲ್ಲವಿಯ ತುದಿ ಎಟುಕಲಿಲ್ಲ. ಮೊದಲು ನೆಗಡಿಯೆಂದ, ಆಮೇಲೆ ಮೈಕೆಂದ, ಕಡೆಗೆ ಶ್ರುತಿಯನ್ನೇ ಇಳಿಸಿದ. ‘ರೆಕಾರ್ಡಿನ ಕಂಠ ವೇದಿಕೆಗೆ ಬರಲಿಲ್ಲ’ ಎಂದು ಪತ್ರಿಕೆ ಬರೆಯಿತು. ಬೆಳಗಿನ ಹೊತ್ತು ಅಕ್ಕ ಅದನ್ನು ಓದುವಾಗ ತಂಗಿ, “ಇವತ್ತು ಎಲ್ಲಿ ಮುಗ್ಗರಿಸಿದನಂತೆ?” ಎಂದು ಕೇಳುವಳು. ಗುಂಡಿ ತಿರುಗಿಸಿದ ಗುಟ್ಟು ಗೊತ್ತಿದ್ದ ಇಬ್ಬರೂ ಹೊಟ್ಟೆ ಹಿಡಿದು ನಗುವರು. ಎರಡನೆಯ ಹಾಡು ನೆಲಕಚ್ಚಿತು, ತಂಡ ಚದುರಿತು, ಆ ನಗು ಮಾತ್ರ ವರ್ಷಗಟ್ಟಲೆ ಉಳಿಯಿತು.

ನಾಲ್ಕು ದಿನಗಳ ಹಿಂದೆ, ಆಸ್ಪತ್ರೆಯ ಹಾಸಿಗೆಯಲ್ಲಿ, ಅಕ್ಕ ಅವಳ ಮಣಿಕಟ್ಟು ಹಿಡಿದಳು.

“ನಾನು ಹೋದ್ಮೇಲೆ ಅವನು ಬಂದೇ ಬರ್ತಾನೆ. ಹೇಳಿಬಿಡೆ. ಅವನ ಗಂಟಲು ಸರಿಯಾಗೇ ಇತ್ತು, ನಾನು ವೇಗ ತಿರುಗಿಸಿದ್ದು ಅಂತ.”

“ಈಗ ಪಾಪ ಅನ್ನಿಸ್ತಾ?”

“ಅವನ ಮೇಲೆ ಅಲ್ಲ. ಕೆಲಸದ ಮೇಲೆ. ನಲವತ್ತು ವರ್ಷದಲ್ಲಿ ನಾನು ಬೇಕಂತ ತಪ್ಪಿಸಿದ ಶ್ರುತಿ ಅದೊಂದೇ.”

“ನೀನು ಅಳಿಸಿದ್ದು ನನ್ನನ್ನ. ಅದು ತಪ್ಪಲ್ವಾ?”

“ಅದಕ್ಕೆ ನಿನ್ನ ಹತ್ರ ಕ್ಷಮೆ ಕೇಳ್ಕೊಳ್ಳೋಕೆ ನನಗೆ ಯಾವತ್ತೂ ಬಾಯಿ ಬರ್ಲಿಲ್ಲ. ಹೇಳ್ತೀಯಾ ಅವನಿಗೆ?”

“ಹೇಳ್ತೀನಿ,” ಎಂದಳು ತಂಗಿ.

* * *

ಗಾಯಕ ಬಂದಾಗ ಕುರ್ಚಿಗಳೆಲ್ಲ ತುಂಬಿದ್ದವು. ಬಣ್ಣ ಹಾಕಿದ ಕೂದಲು, ಕಪ್ಪು ಅಂಗಿ, ಹಿಂದೆ ಕ್ಯಾಮೆರಾ ಹಿಡಿದವನೊಬ್ಬ. ಪೆಟ್ಟಿಗೆಯ ಮುಂದೆ ತಲೆಬಾಗಿ, ತಂಗಿಯ ಕಡೆ ಕೈ ಚಾಚಿದ. ಅವಳು ಆ ಕೈಗೆ ಮೈಕು ಕೊಟ್ಟಳು.

“ವಾದ್ಯ ಬೇಡಮ್ಮಾ. ಸುಮ್ನೆ, ಮೆಲ್ಲಗೆ ಎರಡು ಸಾಲು...”

“ಅಯ್ಯೋ, ಎಲ್ಲಾದ್ರೂ ಉಂಟೇ? ನಿಮ್ಮ ಹಾಡಲ್ವಾ? ಪೂರ್ತಿ ಆಗ್ಲಿ.”

ಅವಳು ಗುಂಡಿ ಒತ್ತಿದಳು. ನಾಲ್ಕು ದಶಕಗಳ ಹಿಂದಿನ ಡ್ರಮ್ಮು ಗೋಡೆಗೋಡೆಗೂ ಬಡಿಯಿತು. ಜನರ ಮುಖ ಅರಳಿತು. ಸಾವಿನ ಮನೆಯೆಂಬುದನ್ನೂ ಮರೆತು ಪಾದಗಳು ತಾಳ ಹಾಕಿದವು. ಮೊದಲ ಚರಣವನ್ನು ಗಾಯಕ ಹೇಗೋ ದಾಟಿದ. ಪಲ್ಲವಿಗೆ ಬಂದಾಗ ಅವನ ಕತ್ತಿನ ನರ ಉಬ್ಬಿತು, ಹಿಮ್ಮಡಿ ನೆಲ ಬಿಟ್ಟಿತು, ಧ್ವನಿ ಹಸಿ ಸೌದೆಯಂತೆ ಸಿಡಿದು ಸೀಳಿತು.

ಚಟ್, ಚಟ್, ಎಂದು ರೂಢಿಯ ಬಲದಿಂದ ಐವತ್ತು ಜನ ಚಪ್ಪಾಳೆ ತಟ್ಟಿದರು. ತಟ್ಟಿದ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ಯಾರಿಗೂ ತೋಚಲಿಲ್ಲ.

“ನಿಲ್ಲಿಸೇ,” ಎಂದು ನರ್ಸಮ್ಮ ಪಿಸುಗುಟ್ಟಿದಳು.

“ಇನ್ನೂ ಮೂರು ಪಲ್ಲವಿ ಇದೆ.”

ಮೂರರಲ್ಲೂ ಅವನು ಬಿದ್ದ. ಕ್ಯಾಮೆರಾದವನು ಎರಡನೆಯದಕ್ಕೇ ಕ್ಯಾಮೆರಾ ಇಳಿಸಿದ್ದ. ತಂಗಿ ಮಾತ್ರ, ಊಟದೆಲೆಯ ಮುಂದೆ ಕುಳಿತ ಹಸಿದವಳಂತೆ, ಒಂದು ಅಗುಳನ್ನೂ ಬಿಡದೆ ನೋಡುತ್ತಿದ್ದಳು.

ಪೆಟ್ಟಿಗೆ ಒಳಗೆ ಹೋಯಿತು, ಕಬ್ಬಿಣದ ಬಾಗಿಲು ಮುಚ್ಚಿತು, ಜನ ಕರಗಿದರು. ಹಿತ್ತಲ ಮೆಟ್ಟಿಲ ಮೇಲೆ ಗಾಯಕನೊಬ್ಬನೇ ಕುಳಿತಿದ್ದ. ತಂಗಿ ಬಂದು ಎದುರು ನಿಂತಳು.

“ಬೇಕಂತಲೇ ಮಾಡಿದೆ, ಅಲ್ವೇನಮ್ಮಾ?”

“ಹೌದು.”

“ಮಾಡು. ನಿನ್ನನ್ನ ತೆಗೆಸಿದವನು ನಾನೇ. ಹೊಟ್ಟೆಕಿಚ್ಚು. ನಾಲಿಗೆ ತುದಿಗೆ ಎಷ್ಟೋ ಸಲ ಬಂತು, ಹೇಳೋಕಾಗ್ಲಿಲ್ಲ.” ಅಂಗಿಯ ಮೇಲಿನ ಎರಡು ಗುಂಡಿಗಳನ್ನು ಬಿಚ್ಚಿದ. ಗಂಟಲಿನ ಮುಂಭಾಗದಲ್ಲಿ, ಬೆರಳುದ್ದದ, ಬೆಳ್ಳಗೆ ಸುಕ್ಕುಗಟ್ಟಿದ ಗಾಯದ ಗುರುತಿತ್ತು. “ಮೂವತ್ತೈದಕ್ಕೇ ಕೊಯ್ಸಿದೆ. ಏನೂ ದೋಷ ಇಲ್ಲ ಅಂದ್ರು ಮೂರು ಜನ ಡಾಕ್ಟರು. ನಾಲ್ಕನೆಯವನನ್ನ ಹುಡುಕಿದೆ. ರೆಕಾರ್ಡಲ್ಲಿ ಹಾಡಿದವನು ನಾನೇ ತಾನೇ? ಹಾಗಿದ್ರೆ ಆ ಗಂಟಲು ಎಲ್ಲಿ ಹೋಯ್ತು? ಕೊಯ್ದ ಮೇಲೆ ಇದ್ದದ್ದೂ ಹೋಯ್ತು.”

ತಂಗಿ ಆ ಗುರುತನ್ನೇ ನೋಡುತ್ತಿದ್ದಳು. ಅಕ್ಕ ಓದಿ ನಗಿಸುತ್ತಿದ್ದ ಬೆಳಗಿನ ಪತ್ರಿಕೆಗಳಲ್ಲಿ ಇದು ಬಂದಿರಲಿಲ್ಲ.

“ನಿಮ್ಮಕ್ಕನ ಕಿವಿಗೆ ಎಲ್ಲಾ ತಿಳೀತಿತ್ತು,” ಎಂದ ಅವನು. “ನನ್ನ ಬಗ್ಗೆ ಏನಾದ್ರೂ ಹೇಳಿದ್ಲಾ?”

“ಹೇಳಿದ್ಲು.”

ಮುದುಕ ಶಾಲೆಯ ಹುಡುಗನ ಹಾಗೆ ಮುಖವೆತ್ತಿದ. “ಏನಂತ?”

ತಂಗಿ ಬಾಗಿದಳು. ಮೂವತ್ತು ವರ್ಷ ಕಾಲರುಗಳನ್ನೇ ಹೊಲಿದ ಬೆರಳುಗಳು ಅವನ ಅಂಗಿಯ ಅಂಚುಗಳನ್ನು ಜೋಡಿಸಿದವು, ಒಂದು ಗುಂಡಿ ಹಾಕಿದವು, ಮೇಲಿನ ಎರಡನೆಯದನ್ನೂ ಹಾಕಿದವು. ಆಮೇಲೆ, ಯಾರೂ ಹಾಕದ, ಕೊರಳಪಟ್ಟಿಯ ಕಟ್ಟಕಡೆಯ ಗುಂಡಿಯನ್ನು, ಬಿಗಿಯಾದ ತೂತಿನೊಳಕ್ಕೆ ಹೆಬ್ಬೆರಳಿನಿಂದ ನೂಕಿದವು.

“ಗಂಟಲು ಜೋಪಾನ ಅಂತ.”

ಅವನು ತಲೆಯಾಡಿಸಿದ, ಎಷ್ಟೋ ವರ್ಷಗಳಿಂದ ಕಾದಿದ್ದ ಮಾತು ಸಿಕ್ಕಿತೆಂಬಂತೆ, ಮತ್ತೆ ಮತ್ತೆ ತಲೆಯಾಡಿಸಿದ. ಕಾಲರಿನ ಅಂಚಿನಲ್ಲಿನ್ನೂ ನಿಂತಿದ್ದ ಅವಳ ಬೆರಳಿನಡಿ ಅವನ ಗಂಟಲಮಣಿ ಮೇಲೇರಿತು, ಬಟ್ಟೆಗೆ ತಡೆದು ನಿಂತಿತು, ಕೆಳಗಿಳಿಯಿತು.