ಗಾಳಿಯ ಕಡೆಗೆ ಕಟ್ಟಿದ ಹೋತ

ವಿಜಯಾಳ ಆಡು ಬೆಲ್ಲ ಸತ್ತದ್ದು ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ. ಹಾಲು ಕರೆಯಲು ಪಾತ್ರೆ ಹಿಡಿದು ಹೊರಗೆ ಹೋದವಳಿಗೆ ಅದು ತಂತಿ ಬೇಲಿಯ ಹತ್ತಿರ ಕಾಲು ಚಾಚಿ ಮಲಗಿದ್ದು ಕಂಡಿತು. ಬಿಸಿಲು ಕಾಯಿಸುತ್ತಿದೆ ಎಂದುಕೊಂಡು ಹೆಸರು ಹಿಡಿದು ಕರೆದಳು. ಜೊತೆಯ ಆಡು ಜೀರಿಗೆ ಮಾತ್ರ ತಲೆಯೆತ್ತಿ ನೋಡಿತು.

ಫೋನ್ ಮಾಡಿದ ಒಂದು ಗಂಟೆಯೊಳಗೆ ಪಶುವೈದ್ಯೆ ಬಂದಳು. ಬೆಲ್ಲದ ಬಾಯಿ ಅಗಲಿಸಿ, ದವಡೆಯ ಸಂದಿಯಿಂದ ಸೂಜಿಯಂಥ ಕಡುಹಸಿರು ಎಲೆಗಳನ್ನು ಬೆರಳಿನಿಂದ ಕೆದಕಿ ತೆಗೆದಳು.

"ಟ್ಯಾಕ್ಸಸ್. ಒಂದು ಹಿಡಿ ತಿಂದರೂ ಸಾಕು, ಹೃದಯ ನಿಂತುಹೋಗುತ್ತದೆ. ಇನ್ನೊಂದು ಆಡು ಉಳಿದದ್ದೇ ಹೆಚ್ಚು," ಎಂದಳು.

ವಿಜಯಾಳ ಜಾಗದಲ್ಲಿ ಟ್ಯಾಕ್ಸಸ್ ಗಿಡ ಇರಲಿಲ್ಲ. ಪಕ್ಕದ ಮನೆಯ ಟೂನ್‌ನ ಜಾಗದ ಅಂಚಿಗೆ ಉದ್ದಕ್ಕೂ ಆಳೆತ್ತರದ ಟ್ಯಾಕ್ಸಸ್ ಬೇಲಿಯಿತ್ತು. ಆಡುಗಳ ಬಾಯಿಗೆ ಸಿಗಬಾರದೆಂದು ಅವಳು ಮೂರು ವರ್ಷದ ಹಿಂದೆಯೇ ಅದರಿಂದ ದೂರಕ್ಕೆ ತಂತಿ ಎಳೆಸಿದ್ದಳು. ಈಗ ತಂತಿಯ ಈಚೆಗೆ, ಆಡುಗಳು ಮೇಯುವ ಕಡೆಗೆ, ಕತ್ತರಿಸಿದ ರೆಂಬೆಗಳ ಒಂದು ಗುಡ್ಡೆ ಬಿದ್ದಿತ್ತು. ಗಾಳಿ ತಂದು ಹಾಕಿದ್ದಲ್ಲ. ಬುಟ್ಟಿ ಬೋರಲು ಹಾಕಿದ ದುಂಡು ಅದರಲ್ಲಿ ಇನ್ನೂ ಹಾಗೇ ಇತ್ತು.

ವಿಜಯಾ ಗದಗದವಳು. ಗಂಡ ಶ್ರೀಕರ ಮೈಸೂರಿನವನು, ಈಗ ಈ ಪರದೇಶದ ನೈಮೆಗನ್ ಊರಿನ ಚಿಪ್ ಕಂಪನಿಯಲ್ಲಿ ಎಂಜಿನಿಯರ್. ಅವಳು ವಾರದಲ್ಲಿ ಒಂದು ದಿನ ಅದೇ ಊರಿನ ಆಫೀಸಿಗೆ ಹೋಗಿ, ಉಳಿದ ದಿನ ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಳು. ಊರಾಚೆಗೆ, ನದಿಯ ಏರಿಯ ಕೆಳಗೆ, ಸಣ್ಣ ಮನೆಯನ್ನೂ ಅದರ ಹಿಂದಿನ ಮುಳ್ಳುಕಂಟಿಯ ಜಾಗವನ್ನೂ ಕೊಂಡವರು ಮುಳ್ಳು ತಿನ್ನಲಿ ಎಂದು ಎರಡು ಆಡಿನ ಮರಿ ತಂದರು. ಕಂಟಿ ಮುಗಿದ ಮೇಲೂ ಆಡುಗಳು ಉಳಿದವು. ಬೆಲ್ಲ ಅವಳ ಹೆಜ್ಜೆಯ ಸಪ್ಪಳ ಗುರುತು ಹಿಡಿದು ಬಾಗಿಲಿಗೆ ಬರುತ್ತಿತ್ತು.

ಟೂನ್ ಎಪ್ಪತ್ತು ದಾಟಿದ ಒಂಟಿ ಮನುಷ್ಯ. ತೋಟದ ಮೂಲೆಯಲ್ಲಿ ಒಂದು ಪುಟ್ಟ ಮನೆ ಕಟ್ಟಿಸಿ ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಿದ್ದ. ಆಡುಗಳ ಕೂಗಿನಿಂದ ಅತಿಥಿಗಳಿಗೆ ತೊಂದರೆಯಾಗುತ್ತದೆಂದು ಎರಡು ಸಲ ಬಂದು ಹೇಳಿದ್ದ.

ಅವಳು ಆ ಎಲೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡೇ ಅವನ ಬಾಗಿಲು ತಟ್ಟಿದಳು. ಟೂನ್ ಎಲೆ ನೋಡಿದ, ಅವಳ ಮುಖ ನೋಡಿದ.

"ಆಡು ಹಸಿರು ತಿನ್ನುತ್ತವಲ್ಲ ಎಂದು ಹಾಕಿದೆ. ನನಗೇನು ಗೊತ್ತು?" ಎಂದ.

ಸತ್ತ ಆಡನ್ನು ಜಾಗದಲ್ಲಿ ಹೂಳುವಂತಿಲ್ಲ, ಅದು ಇಲ್ಲಿಯ ಕಾನೂನು. ಮಂಗಳವಾರ ಸತ್ತ ಪ್ರಾಣಿಗಳನ್ನು ಒಯ್ಯುವ ಲಾರಿ ಬರುವ ತನಕ ಬೆಲ್ಲವನ್ನು ರಸ್ತೆಯಂಚಿಗೆ ಟಾರ್ಪಾಲು ಹೊದಿಸಿ ಇಡಬೇಕಾಯಿತು. ಲಾರಿಯ ಕಬ್ಬಿಣದ ಕೈ ಅದನ್ನು ನಡುವಿಗೆ ಹಿಡಿದು ಮೇಲೆತ್ತಿದಾಗ ವಿಜಯಾ ಅಲ್ಲೇ ನಿಂತಿದ್ದಳು. ಒಳಗೆ ಹೋಗೆಂದು ಡ್ರೈವರ್ ಸನ್ನೆ ಮಾಡಿದರೂ ಹೋಗಲಿಲ್ಲ.

ಜೀರಿಗೆ ಜೊತೆಯಿಲ್ಲದೆ ಮೂರು ದಿನ ಒಂದೇ ಸಮನೆ ಕೂಗಿತು. ನಾಲ್ಕನೆಯ ದಿನ ಅಂಚೆಪೆಟ್ಟಿಗೆಯಲ್ಲಿ ಟೂನ್‌ನ ಚೀಟಿಯಿತ್ತು. ನಿಮ್ಮ ಪ್ರಾಣಿಯನ್ನು ದಯವಿಟ್ಟು ಸುಮ್ಮನಿರಿಸಿ, ಅತಿಥಿಗಳಿದ್ದಾರೆ, ಎಂದು ದುಂಡಗೆ ಬರೆದಿದ್ದ.

ಆ ಚೀಟಿಯನ್ನು ಅವಳು ಗಂಡನ ತಟ್ಟೆಯ ಪಕ್ಕ ಇಟ್ಟಳು.

"ಅಂವಾ ತಿಳದ ಹಾಕ್ಯಾನ್ರೀ."

"ಪ್ರೂಫ್ ಏನಿದೆ ವಿಜಿ? ಕಂಪ್ಲೇಂಟ್ ಕೊಟ್ರೆ ಗೊತ್ತಿರ್ಲಿಲ್ಲ ಅಂತಾನೆ. ಪಕ್ಕದ ಮನೆ ಬೇರೆ. ಬಿಟ್ಬಿಡು."

"ಕಂಪ್ಲೇಂಟ್ ಕೊಡಂಗಿಲ್ಲ ನಾ."

"ಮತ್ತೇನ್ ಮಾಡ್ತೀಯ?"

"ಇನ್ನೂ ಗೊತ್ತಿಲ್ಲ. ಆದ್ರ ಬಿಡೂದಿಲ್ಲ, ಅದು ಖರೆ."

ಜೀರಿಗೆಗೆ ಜೊತೆ ಹುಡುಕಿಕೊಂಡು ಅವಳು ನದಿಯಾಚೆಯ ಹಳ್ಳಿಗೆ ಹೋದಳು. ಅಲ್ಲಿ ಹೆನ್ನಿ ಎಂಬ ಮುದುಕಿ ಬಹಳ ವರ್ಷಗಳಿಂದ ಆಡು ಸಾಕುತ್ತಿದ್ದಳು. ನಡೆದದ್ದನ್ನು ಕೇಳಿ ಹೆನ್ನಿ ಕೈಲಿದ್ದ ಬಕೆಟ್ ಕೆಳಗಿಟ್ಟಳು.

"ಏರಿಯ ಕೆಳಗಿನ ಟೂನ್ ತಾನೇ? ತನಗೆ ಗೊತ್ತಿಲ್ಲ ಅಂದನೇ? ಅವನ ಅಪ್ಪನ ಎರಡು ಕರು ಅದೇ ಬೇಲಿ ತಿಂದು ಸತ್ತವು. ಅವುಗಳನ್ನು ಗಾಡಿಗೆ ಎತ್ತಿ ಹಾಕಿದವನೇ ಟೂನ್. ಆಗ ಅವನಿಗೆ ಇಪ್ಪತ್ತಾಗಿತ್ತು."

ಕೊಟ್ಟಿಗೆಯ ಹಿಂದಿನಿಂದ ಒಂದು ಘಾಟು ಬರುತ್ತಿತ್ತು. ಮೂಗು ಹಿಡಿದುಕೊಂಡರೂ ಗಂಟಲಿಗೆ ಇಳಿಯುವಂಥದ್ದು. ಅಲ್ಲಿ ಕೋರ್ನೆಲಿಸ್ ಎಂಬ ದೊಡ್ಡ ಗಡ್ಡದ ಹೋತ ನಿಂತಿತ್ತು.

"ಈಗ ತಾನೇ ಬೆದೆಗೆ ಬರುತ್ತಿದ್ದಾನೆ. ತನ್ನ ಗಡ್ಡದ ಮೇಲೆ ತಾನೇ ಉಚ್ಚೆ ಹೊಯ್ದುಕೊಳ್ಳುತ್ತಾನೆ. ಅಕ್ಟೋಬರ್ ಬಂದರೆ ಹತ್ತಿರ ನಿಲ್ಲಲಾಗುವುದಿಲ್ಲ," ಎಂದಳು ಹೆನ್ನಿ.

"ಎಷ್ಟು ದಿನ ಇರುತ್ತದೆ ಈ ನಾತ?"

"ಡಿಸೆಂಬರ್ ಹೊತ್ತಿಗೆ ಇಳಿಯುತ್ತದೆ."

"ಇವನನ್ನೇ ನನಗೆ ಕೊಡಿ. ಡಿಸೆಂಬರಿಗೆ ತಂದುಬಿಡುತ್ತೇನೆ."

ಹೆನ್ನಿ ಬಕೆಟ್ ಮತ್ತೆ ಎತ್ತಿಕೊಂಡಳು. ಆಮೇಲೆ, ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ಕೊಟ್ಟಿಗೆ ಎಲ್ಲಿಡಬೇಕೆಂದು ನೀನೇ ಯೋಚಿಸು, ಎಂದಳು.

ಯೋಚಿಸುವುದೇನೂ ಇರಲಿಲ್ಲ. ವಿಜಯಾಳ ಜಾಗದ ಈಶಾನ್ಯ ಮೂಲೆ ಟೂನ್‌ನ ಬಾಡಿಗೆ ಮನೆಗೆ ತಾಗಿಕೊಂಡೇ ಇತ್ತು. ಹಲಗೆ ತಂದು ತಾನೇ ಮೊಳೆ ಹೊಡೆದು ಆ ಮೂಲೆಯಲ್ಲಿ ಗೂಡು ಕಟ್ಟಿ ಹೋತವನ್ನು ತಂದಳು. ಕಿವಿಯ ಬಿಲ್ಲೆ, ನೋಂದಣಿ, ಬೇಲಿಯಿಂದ ಇರಬೇಕಾದ ದೂರ, ಎಲ್ಲವನ್ನೂ ಕಾಗದದಲ್ಲಿದ್ದ ಹಾಗೇ ಮಾಡಿದಳು. ಗೂಡು ಕಟ್ಟುವಾಗ ಶ್ರೀಕರ ಹಲಗೆ ಹಿಡಿದುಕೊಂಡು ನಿಂತಿದ್ದ.

ಸೆಪ್ಟೆಂಬರ್ ಕೊನೆಯ ಶುಕ್ರವಾರ ಸಂಜೆ ಹಾರ್ಲೆಮ್ ಊರಿನ ದಂಪತಿ ಟೂನ್‌ನ ಬಾಡಿಗೆ ಮನೆಗೆ ಬಂದರು. ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು, ನಗುತ್ತಾ ಬಂದವರು. ಶನಿವಾರ ಮಧ್ಯಾಹ್ನದೊಳಗೆ ಸೈಕಲ್ ಇಳಿಸದೆಯೇ ಹೊರಟುಹೋದರು. ಟೂನ್ ಕಾರಿನ ಜೊತೆ ಗೇಟಿನ ತನಕ ಕೈಯಾಡಿಸುತ್ತಾ ನಡೆದದ್ದನ್ನು ವಿಜಯಾ ಮಹಡಿಯ ಕಿಟಕಿಯಿಂದ ನೋಡಿದಳು. ಬೆಲ್ಲ ಸತ್ತ ಮೇಲೆ ಅಂದು ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಅಕ್ಟೋಬರಿನಲ್ಲಿ ನಾತ ಅವಳ ಮನೆಯೊಳಗೂ ಬಂತು. ಜೀರಿಗೆಯ ಹಾಲು ಕುಡಿಯುವಂತಿರಲಿಲ್ಲ. ಆಫೀಸಿಗೆ ಹೋಗುವ ದಿನ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು. ಶ್ರೀಕರ ತನ್ನ ಅಂಗಿಗಳನ್ನೆಲ್ಲ ಆಫೀಸಿನ ಕಪಾಟಿಗೆ ಸಾಗಿಸಿದ. ಅವಳಿಗೆ ಅದರ ಕಡೆ ಗಮನವೇ ಇರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ಗಾಳಿಯ ದಿಕ್ಕು ನೋಡುತ್ತಿದ್ದಳು. ನೈಋತ್ಯ ಎಂದಿದ್ದರೆ ಹೋತಕ್ಕೆ ಒಂದು ಕ್ಯಾರೆಟ್ ಹೆಚ್ಚು ಸಿಗುತ್ತಿತ್ತು. ಅದನ್ನು ಅವಳು ಸಾಹೇಬ್ರು ಎಂದೇ ಕರೆಯುತ್ತಿದ್ದಳು.

ಟೂನ್ ಪುರಸಭೆಗೆ ದೂರು ಕೊಟ್ಟ. ಅಲ್ಲಿಂದ ಒಬ್ಬ ಹುಡುಗಿ ಬಂದು, ಮೂಗಿಗೆ ಶಾಲು ಒತ್ತಿಕೊಂಡು ಗೂಡಿನ ಅಳತೆ ತೆಗೆದಳು, ಕಾಗದ ನೋಡಿದಳು, ಎಲ್ಲ ಸರಿಯಾಗಿದೆ ಎಂದು ಬರೆದುಕೊಂಡು ಹೋದಳು.

ನವೆಂಬರಿನ ಒಂದು ಮಳೆಯ ಮಧ್ಯಾಹ್ನ ಟೂನ್ ತಾನೇ ಬಂದು ಬಾಗಿಲಲ್ಲಿ ನಿಂತ. ಅವಳು ಒಳಗೆ ಕರೆಯಲಿಲ್ಲ.

"ಒಂದು ತಿಂಗಳಿಂದ ಒಬ್ಬರೂ ಬಂದಿಲ್ಲ. ಬರುತ್ತೇವೆ ಎಂದವರೂ ಬೇಡ ಎನ್ನುತ್ತಿದ್ದಾರೆ. ಆ ಹೋತವನ್ನು ಬೇರೆ ಕಡೆ ಕಟ್ಟಿ," ಎಂದ.

"ಮೊದಲು ನೀವು ನನ್ನ ಆಡಿಗೆ ಏನು ಹಾಕಿದಿರಿ, ಹೇಳಿ."

"ಆಗಲೇ ಹೇಳಿದ್ದೇನೆ."

"ನಿಮ್ಮ ಅಪ್ಪನ ಕರುಗಳ ವಿಷಯ ಹೇಳಿಲ್ಲ."

ಟೂನ್‌ನ ಟೋಪಿಯಿಂದ ನೀರು ಇಳಿಯುತ್ತಿತ್ತು. ಅವನು ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೊಟ್ಟೆ ಕೆಡಲಿ, ಅವುಗಳ ಸಹವಾಸವೇ ಬೇಡ ಅನ್ನಿಸಲಿ ನಿಮಗೆ, ಅಂತ ಹಾಕಿದೆ."

"ಸಾಯುತ್ತದೆ ಎಂದು ಗೊತ್ತಿತ್ತೋ ಇಲ್ಲವೋ?"

ಅವನು ಟೋಪಿಯ ನೀರು ಹಿಂಡುತ್ತಾ, "ಗೊತ್ತಿತ್ತು," ಎಂದ.

ಈ ಒಂದು ಮಾತು ಕೇಳಿದರೆ ತನ್ನ ಸಿಟ್ಟು ಇಳಿಯುತ್ತದೆ ಎಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಕೇಳಿದ ಮೇಲೆ ಅದು ಇಮ್ಮಡಿಯಾಯಿತು.

"ಆ ಬೇಲಿ ತೆಗೆಸಿ. ಬುಡಸಮೇತ, ಒಂದು ಬೇರೂ ಉಳಿಯಬಾರದು. ಅದು ಹೋದರೆ ಹೋತವೂ ಹೋಗುತ್ತದೆ."

"ಅದು ನನ್ನ ಅಪ್ಪ ನೆಟ್ಟದ್ದು."

"ಬೆಲ್ಲ ನಾನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು," ಎಂದು ಬಾಗಿಲು ಹಾಕಿಕೊಂಡಳು.

ಎರಡು ವಾರದ ಮೇಲೆ ಯಂತ್ರ ಬಂತು. ವಿಜಯಾ ಕುರ್ಚಿಯನ್ನು ಹೊರಗೆ ಹಾಕಿಕೊಂಡು, ಮೈತುಂಬ ಹೊದ್ದು, ಚಹಾ ಹಿಡಿದು ಕೂತಳು. ಒಂದೊಂದೇ ಗಿಡ ಬೇರಿನ ಸಮೇತ ಮೇಲೆ ಬರುವಾಗ ಕೆಂಪು ತೊಗಟೆ ಸಿಗಿದು ಸದ್ದಾಗುತ್ತಿತ್ತು. ಟೂನ್ ಯಂತ್ರದ ಹಿಂದೆ ನಡೆಯುತ್ತಾ ಮಣ್ಣಿನಲ್ಲಿ ಉಳಿದ ತುಂಡುಗಳನ್ನು ಬಗ್ಗಿ ಬಗ್ಗಿ ಆರಿಸುತ್ತಿದ್ದ. ನಡುನಡುವೆ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದ.

"ಸಾಕಲ್ವಾ ವಿಜಿ, ಪಾಪ ವಯಸ್ಸಾದೋರು. ಒಳಗೆ ಬಾ," ಎಂದ ಶ್ರೀಕರ.

"ಮುಗಿಯೂತನಕ ಕೂಡ್ತೀನ್ರಿ."

ಅವನ ಬಗ್ಗೆ ಕನಿಕರ ಹುಟ್ಟೀತೇನೋ ಎಂದು ಅವಳೂ ಒಳಗೊಳಗೇ ನೋಡಿಕೊಂಡಳು. ಹುಟ್ಟಲಿಲ್ಲ.

ಹೋತ ಎಂದು ಹೋಗುತ್ತದೆಂದು ಅವಳು ಹೇಳಿರಲಿಲ್ಲ. ಟೂನ್ ದಿನಾ ಬಂದು ಬೋಳು ಅಂಚಿನಲ್ಲಿ ನಿಂತು ನೋಡಿಕೊಂಡು ಹೋಗುತ್ತಿದ್ದ. ನಾತ ಪೂರ್ತಿ ಇಳಿದ ಮೇಲೆ, ಡಿಸೆಂಬರ್ ನಡುವಿನಲ್ಲಿ, ಸಾಹೇಬ್ರನ್ನು ನದಿಯಾಚೆಗೆ ಬಿಟ್ಟು ಬಂದಳು.

ಬೇಲಿ ಹೋದ ಮೇಲೆ ಅವಳ ಅಡಿಗೆಮನೆಗೆ ಟೂನ್‌ನ ಊಟದ ಮೇಜು ಕಾಣತೊಡಗಿತು, ಅವನಿಗೆ ಅವಳ ಒಲೆ. ಚಳಿಗಾಲವೆಲ್ಲ ಇಬ್ಬರೂ ಎದುರುಬದುರಾಗಿ ಉಂಡರು. ಕೊನೆಗೆ ಪರದೆ ಹಾಕಿಸಿದವನು ಟೂನ್. ಅವಳು ಹಾಕಿಸಲಿಲ್ಲ.

ಮಾರ್ಚ್ ಮೊದಲ ವಾರ ಜೀರಿಗೆ ಎರಡು ಮರಿ ಹಾಕಿತು, ಒಂದು ಹೆಣ್ಣು, ಒಂದು ಹೋತಮರಿ. ಬೆಳಕು ಹರಿಯುವ ಮೊದಲೇ ಎರಡೂ ಗಂಟಲು ಹರಿಯುವಂತೆ ಕೂಗುತ್ತಿದ್ದವು. ಈಸ್ಟರ್ ರಜೆ ಹತ್ತಿರ ಬಂದಿತ್ತು. ಆಚೆಗೆ ಟೂನ್ ಬಾಡಿಗೆ ಮನೆಯ ಕಿಟಕಿಗಳನ್ನು ಒರೆಸುತ್ತಿದ್ದ.

"ಗಂಡ್ಮರೀನ ಹೆನ್ನಿಗೆ ಕೊಟ್ಬಿಡೋಣ ಅಲ್ವಾ? ಇಲ್ಲಾಂದ್ರೆ ಬೀಜ ಒಡೆಸ್ಬೇಕು. ದೊಡ್ಡದಾದ್ರೆ ಅದೂ ಸಾಹೇಬ್ರ ಥರಾನೇ ವಾಸನೆ ಬರುತ್ತೆ," ಎಂದ ಶ್ರೀಕರ.

ವಿಜಯಾ ಹೋತಮರಿಯನ್ನು ಮಡಿಲಿಗೆ ಎತ್ತಿಕೊಂಡು ಅದರ ಹಣೆಯ ಮೇಲೆ ಕೋಡು ಮೂಡುವ ಜಾಗ ಸವರಿ ನೋಡಿದಳು.

"ಕೊಡೂದೂ ಬ್ಯಾಡ, ಒಡೆಸೂದೂ ಬ್ಯಾಡ," ಎಂದಳು. "ಇಲ್ಲೇ ಬೆಳೀಲಿ."