ಮಗಳ ಹಿಂದಿನ ಬಸ್ಸು

ಶಾಲೆಯ ಪಾಲಕರ ಸಭೆಯಲ್ಲಿ “ಮಕ್ಕಳ ಕೈ ಸ್ವಲ್ಪ ಬಿಡಬೇಕ್ರಿ” ಎಂದು ವರ್ಷಕ್ಕೆರಡು ಸಲ ಭಾಷಣ ಬಿಗಿಯುವವಳು ನಾನೇ, ರಜನಿ ಟೀಚರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ನನ್ನ ಹನ್ನೊಂದು ವರ್ಷದ ಮಗಳು ಸಂಘಮಿತ್ರಾ, ಧಾರವಾಡದ ಸಪ್ತಾಪುರದ ನಮ್ಮ ಮನೆಯಿಂದ ಹುಬ್ಬಳ್ಳಿ ವಿದ್ಯಾನಗರದ ಅಜ್ಜಿ ಮನೆಗೆ ಒಬ್ಬಳೇ ಹೋಗುತ್ತೇನೆ ಎಂದಾಗ ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ.

ಮೂರನೆಯ ದಿನ ಗಂಡ ಪ್ರತಾಪ ನಡುವೆ ಬಂದ. “ಒಂದು ಸಲ ಕಳಿಸಿ ನೋಡೂಣು. ಸರಿಯಾಗಿ ಮುಟ್ಟಿದಳಂದ್ರ ಪ್ರತಿ ರವಿವಾರ ಒಬ್ಬಾಕೇ ಹೋಗ್ಲಿ. ದಾರಿ ತಪ್ಪಿದಳಂದ್ರ ಆ ಮಾತು ಮತ್ತ ಎತ್ತೂದು ಬ್ಯಾಡ.”

ಮಗಳು ಒಪ್ಪಿದಳು. ನಾನೂ ಒಪ್ಪಿದೆ. ಖರೇ ಹೇಳಬೇಕೆಂದರೆ, ಅವಳು ತಪ್ಪಲಿ ಎಂದೇ ನನ್ನ ಒಳಮನಸ್ಸು ಬಯಸಿತ್ತು.

ರವಿವಾರ ಬೆಳಿಗ್ಗೆ, ಧಾರವಾಡ-ಹುಬ್ಬಳ್ಳಿ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣದವರೆಗೆ ಬಿಡಲು ಹೋದೆ. ರಸ್ತೆ ದಾಟುವಾಗ ಕೈ ಹಿಡಿದರೆ ಕೊಸರಿಕೊಂಡಳು.

“ಎಲ್ಲಾ ಸ್ಟಾಪಿಗೆ ನಿಂದ್ರೂ ಬಸ್ಸೇ ಹತ್ತು. ಗೊತ್ತಾಗಲಿಲ್ಲಂದ್ರ ಯಾರನ್ನರ ಕೇಳು, ನಾಚಬ್ಯಾಡ,” ಎಂದೆ.

“ನಾಲ್ಕನೇ ಸಲ ಹೇಳಾಕತ್ತೀ ಮಮ್ಮಿ,” ಎಂದವಳೇ ಅಜ್ಜಿಗೆ ಕೊಡುವ ರೊಟ್ಟಿ ಡಬ್ಬಿ ಅವಚಿಕೊಂಡು ಬಸ್ಸು ಹತ್ತಿದಳು.

ಬಾಗಿಲು ಮುಚ್ಚಿದ್ದೇ ತಡ, ಚೀಲದಲ್ಲಿದ್ದ ಸ್ಕಾರ್ಫನ್ನು ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಸುತ್ತಿಕೊಂಡು ಹಿಂದೆಯೇ ಬಂದ ಚಿಗರಿಗೆ ನುಗ್ಗಿದೆ. ಅದರ ಬೋರ್ಡು ಓದುವ ತಾಳ್ಮೆ ಯಾರಿಗಿತ್ತು?

ನವನಗರದ ಸ್ಟಾಪಿನಲ್ಲಿ ಮಗಳ ಬಸ್ಸು ನಿಂತಿತ್ತು. ನಮ್ಮದು ನಿಲ್ಲಲಿಲ್ಲ, ಅದರ ಪಕ್ಕದಿಂದಲೇ ದಾಟಿ ಹೋಯಿತು. ಗಾಬರಿಯಾಗಿ ಪಕ್ಕದ ಸೀಟಿನ ಹಿರಿಯರನ್ನು ಕೇಳಿದೆ.

“ಇದು ತಡೆರಹಿತ ಐತ್ರಿ ಅಕ್ಕಾರ. ಸೀದಾ ಹುಬ್ಬಳ್ಳಿ ಬಸ್‌ಸ್ಟ್ಯಾಂಡೇ,” ಎಂದರು.

ವಿದ್ಯಾನಗರ ಕಣ್ಣೆದುರೇ ಹಿಂದೆ ಸರಿಯಿತು. ಇಳಿಸು ಎಂದು ಡ್ರೈವರನ ಮೇಲೆ ಹರಿಹಾಯ್ದೆ. “ನಡುವ ಬಾಗಲಾ ತೆಗ್ಯಾಂಗಿಲ್ರಿ,” ಎಂದ ಅವನು, ತಣ್ಣಗೆ.

ಹುಬ್ಬಳ್ಳಿಯಲ್ಲಿ ಇಳಿದು, ವಾಪಸು ಬಸ್ಸು ಎಲ್ಲಿ ಸಿಗುತ್ತದೆಂದು ತಡಕಾಡುತ್ತಿದ್ದಾಗ ನನ್ನತ್ತೆ ಶೇವಂತೆವ್ವನ ಫೋನಿನಿಂದ ಕರೆ ಬಂತು. ಮಾತಾಡಿದವಳು ಮಗಳು.

“ಮುಟ್ಟಿದ್ನಿ. ನೀ ಎಲ್ಲಿದ್ದೀ?”

“ಮನ್ಯಾಗ.”

“ಮನ್ಯಾಗ ಬಸ್ಸಿನ ಹಾರ್ನ್ ಯಾಕ ಕೇಳಾಕತ್ತೈತಿ?”

ನಾನು ಫೋನಿಗೆ ಕೈ ಅಡ್ಡ ಹಿಡಿದೆ.

“ನವನಗರದಾಗ ಕಿಟಕ್ಯಾಗ ನಿನ್ನ ನೋಡಿದ್ನಿ. ನೀ ಕಟಗೊಂಡಿದ್ದು ನನ್ನ ಸ್ಕಾರ್ಫ್ ಮಮ್ಮಿ.”

ಹಿಂದೆ ಅತ್ತೆ ನಕ್ಕದ್ದು ಕೇಳಿತು. ಎಲ್ಲಿ ಮುಖ ಮುಚ್ಚಿಕೊಳ್ಳಲಿ ಎನ್ನುವಷ್ಟು ನಾಚಿಕೆಯಾಯಿತು. ಆದರೂ, ನನ್ನನ್ನು ಕಂಡ ಮೇಲೂ ಇಳಿದು ಓಡಿ ಬರದೆ ತನ್ನ ಸ್ಟಾಪಿಗೇ ಹೋಗಿ ಮುಟ್ಟಿದಳಲ್ಲ ಹುಡುಗಿ ಎಂದು ಎದೆಯುಬ್ಬಿತು.

“ಹೆದರಬ್ಯಾಡ,” ಎಂದಳು. “ಎಲ್ಲಾ ಸ್ಟಾಪಿಗೆ ನಿಂದ್ರೂ ಬಸ್ಸೇ ಹತ್ತು. ಗೊತ್ತಾಗಲಿಲ್ಲಂದ್ರ ಯಾರನ್ನರ ಕೇಳು, ನಾಚಬ್ಯಾಡ. ನಾ ಸ್ಟಾಪಿಗೆ ಬರ್ತೇನಿ.”

ಈ ಸಲ ಬೋರ್ಡು ಎರಡು ಬಾರಿ ಓದಿದೆ, ಒಬ್ಬರನ್ನು ಕೇಳಿಯೂ ಕೇಳಿದೆ. ವಿದ್ಯಾನಗರದಲ್ಲಿ ಇಳಿದಾಗ ಸಂಘಮಿತ್ರಾ ಕಾಯುತ್ತ ನಿಂತಿದ್ದಳು.

“ಮುಂದಿನ ರವಿವಾರ?” ಎಂದಳು.

“ಒಬ್ಬಾಕೇ ಹೋಗು,” ಎಂದೆ.

ರಸ್ತೆ ದಾಟಲು ಅವಳು ನನ್ನ ಕೈ ಹಿಡಿದಳು. ನಾನು ಕೊಸರಿಕೊಳ್ಳಲಿಲ್ಲ.